ಪೇರೆಂಟ್ ಥೀಮಿಗೆ ಕೈ ಹಾಕಬೇಡಿ: ಕುಂದಾಪುರ, ಬೈಂದೂರು, ಬ್ರಹ್ಮಾವರದ ವೆಬ್‌ಸೈಟ್ ಕೆಲಸಗಾರರಿಗೆ ಒಂದು ಬಹಿರಂಗ ಪತ್ರ



ನಮ್ಮ ಮೂರು ತಾಲೂಕುಗಳ ದೇವಸ್ಥಾನ, ಯಕ್ಷಗಾನ ಮೇಳ, ಸಹಕಾರಿ ಸಂಘ, ಶಾಲೆ, ಹೋಂಸ್ಟೇ, ಊರಿನ ಸುದ್ದಿ ಪೋರ್ಟಲ್, ಮನೆಯಲ್ಲೇ ಮಾಡಿದ ಮಸಾಲೆಪುಡಿ ಮಾರುವ ಅಂಗಡಿ, ಇವುಗಳ ವೆಬ್‌ಸೈಟ್ ಕಟ್ಟಿಕೊಟ್ಟು ಆಮೇಲೆ ಅವನ್ನು ನೋಡಿಕೊಳ್ಳುವವರು ನೀವು. ನಾನೂ ಅದೇ ಕೆಲಸದವನು. ನಮ್ಮಲ್ಲಿ ಬಹಳ ಮಂದಿ ವರ್ಡ್‌ಪ್ರೆಸ್ ಹಾಕಿ, ಅದರ ಮೇಲೆ ಒಂದು ಸಿದ್ಧ ಥೀಮ್ ಕೂರಿಸಿ, ಬಣ್ಣ, ಅಕ್ಷರ, ವಿಳಾಸ ಬದಲಿಸಿ ಒಪ್ಪಿಸುತ್ತೇವೆ. ಆ ಬದಲಾವಣೆಯನ್ನು ಎಲ್ಲಿ ಬರೆಯುತ್ತೇವೆ ಎಂಬುದರ ಬಗ್ಗೆಯೇ ಈ ಪತ್ರ. ಬೇರೆಯವರು ಮಾಡಿದ ಥೀಮಿನ, ಅಂದರೆ ಪೇರೆಂಟ್ ಥೀಮಿನ, ಫೈಲುಗಳನ್ನು ನೇರವಾಗಿ ತಿದ್ದುವ ಅಭ್ಯಾಸವನ್ನು ನಾವೆಲ್ಲ ಬಿಡಬೇಕು. ಅದಕ್ಕೆ ಬದಲು ಪ್ರತಿ ಸೈಟಿಗೂ ನಮ್ಮ ಬದಲಾವಣೆಗಳಷ್ಟೇ ಇರುವ ಒಂದು ಚೈಲ್ಡ್ ಥೀಮ್ ಮಾಡಬೇಕು, ಫೈಲುಗಳು ಯಾವ ಸರದಿಯಲ್ಲಿ ಲೋಡ್ ಆಗುತ್ತವೆ ಎಂದು ಸರಿಯಾಗಿ ತಿಳಿದುಕೊಳ್ಳಬೇಕು.

ಒಂದು ಉದಾಹರಣೆ ನೋಡಿ. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾಗಿ ಕೆಲಸ ಶುರು ಮಾಡಿದ್ದು 2018ರಲ್ಲಿ. ಅಲ್ಲಿಯವರೆಗೆ ಕೊಲ್ಲೂರು, ಮರವಂತೆ ಕುಂದಾಪುರ ತಾಲೂಕಿನಲ್ಲಿದ್ದವು; ಕೋಟ, ಸಾಲಿಗ್ರಾಮ, ಬಾರಕೂರು, ಮಂದಾರ್ತಿ ಉಡುಪಿ ತಾಲೂಕಿನಲ್ಲಿದ್ದವು. ಆ ಕಡೆಯ ಒಂದು ಸಂಸ್ಥೆಯ ಸೈಟಿನಲ್ಲಿ ವಿಳಾಸ ಬದಲಾಗಬೇಕಾಯಿತು ಎಂದಿಟ್ಟುಕೊಳ್ಳಿ. ಸೈಟ್ ನೋಡಿಕೊಳ್ಳುವ ಹುಡುಗ ಡ್ಯಾಶ್‌ಬೋರ್ಡಿನ ಥೀಮ್ ಫೈಲ್ ಎಡಿಟರ್ ತೆರೆದು, ಫೂಟರ್.ಪಿಎಚ್‌ಪಿ ಫೈಲಿನಲ್ಲೇ ಹೊಸ ತಾಲೂಕಿನ ಹೆಸರು ಬರೆದು ಸೇವ್ ಮಾಡುತ್ತಾನೆ. ಕೆಲಸ ಎರಡೇ ನಿಮಿಷದ್ದು, ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಲವು ತಿಂಗಳ ನಂತರ ಥೀಮ್ ಮಾಡಿದವರು ಹೊಸ ಆವೃತ್ತಿ ಬಿಡುತ್ತಾರೆ, ಯಾರೋ ಅಪ್‌ಡೇಟ್ ಒತ್ತುತ್ತಾರೆ. ಅಪ್‌ಡೇಟ್ ಹಳೆಯ ಫೋಲ್ಡರನ್ನು ಪೂರ್ತಿ ತೆಗೆದು ಹೊಸದನ್ನು ಇಡುತ್ತದೆ. ವಿಳಾಸ, ಕನ್ನಡ ಅಕ್ಷರದ ಗಾತ್ರ, ಸೇವೆಗಳ ಪಟ್ಟಿಯ ವಿನ್ಯಾಸ ಒಟ್ಟಿಗೇ ಹೋಗುತ್ತವೆ. ಏನೇನು ತಿದ್ದಿದ್ದೆವು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ತಿದ್ದಿದ ಹುಡುಗ ಅಷ್ಟರೊಳಗೆ ಬೆಂಗಳೂರಿಗೋ ದುಬೈಗೋ ಹೋಗಿ ಆಗಿರುತ್ತದೆ.

ಒಮ್ಮೆ ಹೀಗಾದ ಮೇಲೆ ಸಂಸ್ಥೆಯವರು ಅಪ್‌ಡೇಟ್ ಎಂದರೇ ಹೆದರುತ್ತಾರೆ. ‘ಅದನ್ನು ಮುಟ್ಟಬೇಡಿ, ಎಲ್ಲ ಹಾಳಾಗುತ್ತದೆ’ ಎಂಬ ಮಾತು ಕಚೇರಿಯಲ್ಲಿ ಕಾಯಂ ಆಗುತ್ತದೆ. ಅಳಿಸಿಹೋದ ವಿಳಾಸವನ್ನು ಮತ್ತೆ ಬರೆಯಬಹುದು, ಈ ಹೆದರಿಕೆಯಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು: ಭದ್ರತೆಯ ತಿದ್ದುಪಡಿಗಳೂ ಬರದೆ ಹೋಗುತ್ತವೆ. 2011ರ ಆಗಸ್ಟ್‌ನಲ್ಲಿ ಬಯಲಾದ ಟಿಮ್‌ಥಂಬ್ ಪ್ರಕರಣ ನಿಮಗೆ ಗೊತ್ತಿರಬಹುದು. ಚಿತ್ರಗಳ ಗಾತ್ರ ಕುಗ್ಗಿಸಲು ನೂರಾರು ಥೀಮುಗಳ ಒಳಗೇ ಇಟ್ಟಿದ್ದ ಒಂದು ಸಣ್ಣ ಪಿಎಚ್‌ಪಿ ಫೈಲ್ ಅದು. ಫ್ಲಿಕರ್, ಬ್ಲಾಗರ್‌ನಂಥ ನಂಬಿಕಸ್ತ ತಾಣಗಳಿಂದ ಮಾತ್ರ ಚಿತ್ರ ತರಬೇಕೆಂದು ಅದರಲ್ಲಿ ಒಂದು ಪಟ್ಟಿ ಇತ್ತು. ಆದರೆ ವಿಳಾಸದೊಳಗೆ ಎಲ್ಲೋ ಒಂದು ಕಡೆ ಆ ಹೆಸರು ಕಂಡರೆ ಸಾಕು, ಒಳಗೆ ಬಿಟ್ಟುಬಿಡುತ್ತಿತ್ತು. ದಾಳಿಕೋರರು ನಂಬಿಕಸ್ತ ತಾಣದ ಹೆಸರನ್ನೇ ತಮ್ಮ ತಾಣದ ವಿಳಾಸದ ಮುಂದೆ ಸೇರಿಸಿ, ಚಿತ್ರದ ಬದಲು ತಮ್ಮ ಪಿಎಚ್‌ಪಿ ಫೈಲನ್ನು ಸರ್ವರಿನೊಳಗೆ ಇಳಿಸಿದರು. ಥೀಮ್ ಅಪ್‌ಡೇಟ್ ಮಾಡಿಕೊಳ್ಳಲು ಸಾಧ್ಯವಿದ್ದ ಸೈಟುಗಳಿಗೆ ಪರಿಹಾರ ಸುಲಭವಾಗಿತ್ತು. ಥೀಮನ್ನು ಕೈಯಾರೆ ತಿದ್ದಿಕೊಂಡಿದ್ದವರು ಮಾತ್ರ ಭದ್ರತೆ ಬೇಕೋ, ತಮ್ಮ ತಿದ್ದುಪಡಿ ಬೇಕೋ ಎಂಬ ಇಕ್ಕಟ್ಟಿಗೆ ಬೀಳುವಂತಿತ್ತು. ಸೇವೆಗೆ ಹಣ ಕಟ್ಟಿಸಿಕೊಳ್ಳುವ, ಸದಸ್ಯರ ವಿವರ ಇಟ್ಟುಕೊಳ್ಳುವ ಸೈಟುಗಳನ್ನು ಅಂಥ ಇಕ್ಕಟ್ಟಿಗೆ ದೂಡುವುದು ತಪ್ಪು.

ಇದಕ್ಕೆ ಪರಿಹಾರ ಬಹಳ ವರ್ಷಗಳಿಂದ ವರ್ಡ್‌ಪ್ರೆಸ್‌ನಲ್ಲೇ ಇದೆ. ವರ್ಡ್‌ಪ್ರೆಸ್ 2003ರಲ್ಲಿ ಬಂತು, ಥೀಮ್ ಪದ್ಧತಿ 2005ರ 1.5 ಆವೃತ್ತಿಯಲ್ಲಿ. 2008ರ ಡಿಸೆಂಬರಿನ 2.7ರಿಂದ ಚೈಲ್ಡ್ ಥೀಮಿನ ಟೆಂಪ್ಲೇಟ್ ಫೈಲುಗಳು ಪೇರೆಂಟಿನ ಫೈಲುಗಳ ಜಾಗದಲ್ಲಿ ನಿಲ್ಲಲು ಸಾಧ್ಯವಾಯಿತು. ಮಾಡಬೇಕಾದದ್ದು ಇಷ್ಟೇ: ಒಂದು ಹೊಸ ಫೋಲ್ಡರ್, ಅದರಲ್ಲಿ ಸ್ಟೈಲ್.ಸಿಎಸ್‌ಎಸ್ ಎಂಬ ಫೈಲ್, ಅದರ ತಲೆಯಲ್ಲಿ ಥೀಮಿನ ಹೆಸರು ಮತ್ತು ‘ಟೆಂಪ್ಲೇಟ್’ ಎಂಬ ಸಾಲಿನಲ್ಲಿ ಪೇರೆಂಟಿನ ಫೋಲ್ಡರ್ ಹೆಸರು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಚಂದದ ಹೆಸರನ್ನಲ್ಲ, ಫೋಲ್ಡರಿನ ಹೆಸರನ್ನೇ ಬರೆಯಬೇಕು, ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರ ಸಹಿತ ಇದ್ದ ಹಾಗೇ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದರೂ ನಡೆಯುತ್ತದೆ. ಹೋಸ್ಟಿಂಗ್‌ನ ಲಿನಕ್ಸ್ ಸರ್ವರಿನಲ್ಲಿ ಅದೇ ತಪ್ಪಿಗೆ ‘ಪೇರೆಂಟ್ ಥೀಮ್ ಸಿಗುತ್ತಿಲ್ಲ’ ಎಂಬ ಸಂದೇಶ ಬರುತ್ತದೆ. ‘ನಮ್ಮನೆಯಲ್ಲಿ ಸರಿ ಇತ್ತು, ಅಪ್‌ಲೋಡ್ ಮಾಡಿದ ಮೇಲೆ ಹೋಯಿತು’ ಎಂದಾಗ ಮೊದಲು ನೋಡಬೇಕಾದ ಜಾಗ ಇದು.

ಚೈಲ್ಡ್ ಥೀಮ್ ಸಕ್ರಿಯವಾದ ಮೇಲೆ ವರ್ಡ್‌ಪ್ರೆಸ್ ಒಂದು ಟೆಂಪ್ಲೇಟ್ ಫೈಲನ್ನು ಹುಡುಕುವ ಕ್ರಮ ಸರಳ. ಮೊದಲು ಚೈಲ್ಡ್ ಫೋಲ್ಡರ್, ಅಲ್ಲಿ ಇಲ್ಲದಿದ್ದರೆ ಪೇರೆಂಟ್ ಫೋಲ್ಡರ್. ಹೆಡರ್, ಫೂಟರ್‌ನಂಥ ಕೆಲವಕ್ಕೆ ಅಲ್ಲೂ ಸಿಗದಿದ್ದರೆ ವರ್ಡ್‌ಪ್ರೆಸ್ ತನ್ನೊಳಗೇ ಇಟ್ಟುಕೊಂಡ ಹಳೆಯ ಮಾದರಿ ಫೈಲುಗಳು. ಹೀಗಾಗಿ ಪೇರೆಂಟಿನಲ್ಲಿ ಐವತ್ತು ಫೈಲುಗಳಿದ್ದು ನಿಮಗೆ ಫೂಟರ್ ಒಂದೇ ಬದಲಾಗಬೇಕಿದ್ದರೆ, ಅದೊಂದನ್ನೇ ಚೈಲ್ಡಿಗೆ ನಕಲು ಮಾಡಿ ತಿದ್ದಿದರೆ ಸಾಕು, ಉಳಿದದ್ದೆಲ್ಲ ಪೇರೆಂಟಿನಿಂದಲೇ ಬರುತ್ತದೆ. ಪೇರೆಂಟನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದರೂ ನಿಮ್ಮ ಫೂಟರ್ ಹಾಗೇ ಇರುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಕಡೆ ಇದೆ. ಚೈಲ್ಡಿನ ಫೈಲ್ ಯಾವಾಗಲೂ ಪೇರೆಂಟನ್ನು ಸೋಲಿಸುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದು ಪೂರ್ತಿ ನಿಜವಲ್ಲ. ಒಂದು ಪುಟಕ್ಕೆ ವರ್ಡ್‌ಪ್ರೆಸ್ ಹಲವು ಹೆಸರುಗಳ ಪಟ್ಟಿ ಮಾಡಿಕೊಳ್ಳುತ್ತದೆ. ಅತಿ ನಿರ್ದಿಷ್ಟವಾದದ್ದು ಮೊದಲು, ಸಾಮಾನ್ಯವಾದದ್ದು ಕೊನೆಗೆ. ಪಟ್ಟಿಯ ಪ್ರತಿ ಹೆಸರನ್ನೂ ಮೊದಲು ಚೈಲ್ಡಿನಲ್ಲಿ, ಆಮೇಲೆ ಪೇರೆಂಟಿನಲ್ಲಿ ನೋಡಿ, ಎರಡೂ ಕಡೆ ಇಲ್ಲದಿದ್ದರೆ ಮಾತ್ರ ಮುಂದಿನ ಹೆಸರಿಗೆ ಹೋಗುತ್ತದೆ. ಮೇಳದ ಸೈಟಿನಲ್ಲಿ ‘ಆಟ’ ಎಂಬ ಪೋಸ್ಟ್ ಟೈಪ್ ಇದೆ, ಪೇರೆಂಟಿನಲ್ಲಿ ಸಿಂಗಲ್-ಆಟ.ಪಿಎಚ್‌ಪಿ ಇದೆ, ನೀವು ಚೈಲ್ಡಿನಲ್ಲಿ ಬರೇ ಸಿಂಗಲ್.ಪಿಎಚ್‌ಪಿ ಇಟ್ಟಿದ್ದೀರಿ ಎಂದುಕೊಳ್ಳಿ. ಆಗ ಗೆಲ್ಲುವುದು ಪೇರೆಂಟಿನ ಸಿಂಗಲ್-ಆಟ. ಹೆಸರಿನ ನಿರ್ದಿಷ್ಟತೆ ಮೊದಲು, ಫೋಲ್ಡರ್ ಆಮೇಲೆ. ‘ಚೈಲ್ಡಿನಲ್ಲಿ ಹಾಕಿದೆ, ಆದರೂ ಬದಲಾಗುತ್ತಿಲ್ಲ’ ಎಂದು ರಾತ್ರಿಯಿಡೀ ಕ್ಯಾಷ್ ಅಳಿಸುತ್ತ ಕೂರುವ ಮೊದಲು ಕ್ವೆರಿ ಮಾನಿಟರ್ ಎಂಬ ಉಚಿತ ಪ್ಲಗಿನ್ ಹಾಕಿ ನೋಡಿ. ಈ ಪುಟಕ್ಕೆ ಯಾವ ಟೆಂಪ್ಲೇಟ್ ಫೈಲ್ ಬಂತು, ಯಾವ ಥೀಮಿನಿಂದ ಬಂತು ಎಂದು ಅದು ಹೇಳುತ್ತದೆ.

ಫಂಕ್ಷನ್ಸ್.ಪಿಎಚ್‌ಪಿ ಈ ನಿಯಮಕ್ಕೆ ಹೊರತು. ಅದರಲ್ಲಿ ಚೈಲ್ಡಿನದ್ದು ಪೇರೆಂಟಿನ ಜಾಗಕ್ಕೆ ಬರುವುದಿಲ್ಲ, ಎರಡೂ ಲೋಡ್ ಆಗುತ್ತವೆ, ಚೈಲ್ಡಿನದ್ದು ಮೊದಲು. ಇದು ಗೊತ್ತಿಲ್ಲದೆ ಪೇರೆಂಟಿನ ಫಂಕ್ಷನ್ಸ್ ಫೈಲನ್ನು ಪೂರ್ತಿ ನಕಲು ಮಾಡಿ ಚೈಲ್ಡಿಗೆ ಹಾಕಿದರೆ ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದು ಸೈಟ್ ಆ ಕ್ಷಣಕ್ಕೇ ನಿಲ್ಲುತ್ತದೆ. ಚೈಲ್ಡಿನ ಫಂಕ್ಷನ್ಸ್ ಫೈಲಿನಲ್ಲಿ ನಿಮಗೆ ಬೇಕಾದ ಹೊಸ ಸಾಲುಗಳಷ್ಟೇ ಇರಲಿ. ನಿಮ್ಮ ಫಂಕ್ಷನ್ ಹೆಸರಿನ ಮುಂದೆ ಸಂಸ್ಥೆಯದೊಂದು ಸಣ್ಣ ಗುರುತು ಸೇರಿಸಿ. ಪೇರೆಂಟ್ ಮಾಡಿದವರು ‘ಈ ಹೆಸರಿನ ಫಂಕ್ಷನ್ ಈಗಾಗಲೇ ಇದೆಯೇ’ ಎಂದು ಪರೀಕ್ಷಿಸಿ ಬರೆದಿದ್ದರೆ ಮಾತ್ರ, ಅದೇ ಹೆಸರಿನಲ್ಲಿ ಚೈಲ್ಡಿನಲ್ಲಿ ಬರೆದು ಅದನ್ನು ಬದಲಿಸಬಹುದು. ಹಾಗೆ ಬರೆಯದಿದ್ದರೆ ಹುಕ್, ಫಿಲ್ಟರ್ ಮೂಲಕ ಹೋಗುವುದು ಸುರಕ್ಷಿತ ದಾರಿ.

ಸ್ಟೈಲ್ ಫೈಲಿಗೂ ತನ್ನದೇ ಲೆಕ್ಕವಿದೆ. ಚೈಲ್ಡ್ ಮಾಡಿದ ಕೂಡಲೇ ಸೈಟಿನ ಬಣ್ಣ, ಸಾಲು ಎಲ್ಲ ಹೋಗಿ ಬರೀ ಅಕ್ಷರ ಉಳಿದರೆ ಗಾಬರಿ ಬೇಡ. ಕೆಲವು ಪೇರೆಂಟುಗಳು ಸಕ್ರಿಯ ಥೀಮಿನ ಸ್ಟೈಲ್ ಫೈಲನ್ನಷ್ಟೇ ಲೋಡ್ ಮಾಡುತ್ತವೆ. ಚೈಲ್ಡ್ ಸಕ್ರಿಯವಾದ ಮೇಲೆ ಅವು ಚೈಲ್ಡಿನದ್ದನ್ನೇ ಎತ್ತಿಕೊಳ್ಳುತ್ತವೆ, ಪೇರೆಂಟಿನದ್ದು ಬಿಟ್ಟುಹೋಗುತ್ತದೆ. ಇನ್ನು ಕೆಲವು ತಮ್ಮದನ್ನು ಮಾತ್ರ ಲೋಡ್ ಮಾಡುತ್ತವೆ, ಆಗ ಚೈಲ್ಡಿನದ್ದು ಬರುವುದಿಲ್ಲ. ಪೇರೆಂಟಿನ ಫಂಕ್ಷನ್ಸ್ ಫೈಲ್ ಓದಿ, ಯಾವುದು ಬಿಟ್ಟುಹೋಗಿದೆಯೋ ಅದನ್ನು ಎನ್‌ಕ್ಯೂ ಮಾಡಿ. ಹಳೆಯ ಪಾಠಗಳಲ್ಲಿ ಹೇಳುವ ‘ಇಂಪೋರ್ಟ್’ ಸಾಲು ಬೇಡ, ಅದರಿಂದ ಪುಟ ನಿಧಾನವಾಗುತ್ತದೆ.

ನಿಮ್ಮಲ್ಲಿ ಸ್ವಂತ ಥೀಮ್ ಬರೆಯುವವರಿಗೆ ಒಂದು ವಿಶೇಷ ಮಾತು. ಫೈಲಿನ ದಾರಿ ಹೇಳಲು ವರ್ಡ್‌ಪ್ರೆಸ್‌ನಲ್ಲಿ ಮೂರು ರೀತಿಯ ಫಂಕ್ಷನ್‌ಗಳಿವೆ. ‘ಗೆಟ್ ಟೆಂಪ್ಲೇಟ್ ಡೈರೆಕ್ಟರಿ’ ಯಾವಾಗಲೂ ಪೇರೆಂಟಿನ ಫೋಲ್ಡರ್ ತೋರಿಸುತ್ತದೆ. ‘ಗೆಟ್ ಸ್ಟೈಲ್‌ಶೀಟ್ ಡೈರೆಕ್ಟರಿ’ ಸಕ್ರಿಯ ಥೀಮಿನ ಫೋಲ್ಡರ್ ತೋರಿಸುತ್ತದೆ, ಚೈಲ್ಡ್ ಇದ್ದರೆ ಚೈಲ್ಡಿನದ್ದು. ಈ ಎರಡೂ ಒಂದು ಕಡೆ ಬೊಟ್ಟು ಮಾಡಿ ನಿಲ್ಲುತ್ತವೆ, ಫೈಲ್ ಅಲ್ಲಿ ಇದೆಯೋ ಇಲ್ಲವೋ ನೋಡುವುದಿಲ್ಲ. 2016ರ ಡಿಸೆಂಬರಿನ 4.7 ಆವೃತ್ತಿಯಲ್ಲಿ ಬಂದ ‘ಗೆಟ್ ಥೀಮ್ ಫೈಲ್ ಪಾತ್’ ಮತ್ತು ‘ಗೆಟ್ ಥೀಮ್ ಫೈಲ್ ಯುಆರ್‌ಐ’ ಮಾತ್ರ ಚೈಲ್ಡಿನಲ್ಲಿ ಫೈಲ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪೇರೆಂಟಿನ ದಾರಿ ಕೊಡುತ್ತವೆ. ಲೋಗೊ ಚಿತ್ರ, ಜಾವಾಸ್ಕ್ರಿಪ್ಟ್, ಇನ್‌ಕ್ಲೂಡ್ ಫೈಲು ಯಾವುದಕ್ಕೂ ಇವನ್ನೇ ಬಳಸಿ. ಪುಟದ ತುಂಡುಗಳಿಗೆ 2010ರ 3.0ರಲ್ಲಿ ಬಂದ ‘ಗೆಟ್ ಟೆಂಪ್ಲೇಟ್ ಪಾರ್ಟ್’ ಬಳಸಿ. ನೀವು ಪೇರೆಂಟಿನ ದಾರಿಯನ್ನು ಕಟ್ಟಿಹಾಕಿ ‘ರಿಕ್ವೈರ್’ ಬರೆದರೆ ನಿಮ್ಮ ಥೀಮ್ ತೆಗೆದುಕೊಂಡವರು ಚೈಲ್ಡಿನಲ್ಲಿ ಎಷ್ಟು ಚಂದ ಫೈಲ್ ಇಟ್ಟರೂ ಅದನ್ನು ಯಾರೂ ಹುಡುಕುವುದಿಲ್ಲ. ಕೊನೆಗೆ ಅವರು ನಿಮ್ಮ ಮೂಲ ಫೈಲಿಗೇ ಕೈ ಹಾಕುತ್ತಾರೆ. ಆ ದಾರಿ ತೋರಿಸಿದವರು ನೀವೇ ಆಗುತ್ತೀರಿ.

ಕನ್ನಡದ ಸೈಟಿಗೆ ಚೈಲ್ಡ್ ಥೀಮ್ ಇನ್ನಷ್ಟು ಅಗತ್ಯ. ಸಿದ್ಧ ಥೀಮುಗಳ ಅಳತೆಯೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ್ದು. ತಲೆಬರಹಕ್ಕೆ 1.1ರ ಲೈನ್-ಹೈಟ್ ಇಟ್ಟ ಥೀಮಿನಲ್ಲಿ ‘ಹೆಮ್ಮಾಡಿ’, ‘ಕೊಲ್ಲೂರು’, ‘ಬ್ರಹ್ಮಾವರ’ ಎಂದು ಎರಡು ಸಾಲಿನ ಶೀರ್ಷಿಕೆ ಬರೆದು ನೋಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷಿಗೆ ಶೋಭೆ ಕೊಡಲೆಂದು ಹಾಕಿದ ಲೆಟರ್-ಸ್ಪೇಸಿಂಗ್ ಕನ್ನಡ ಪದವನ್ನು ಬಿಡಿಬಿಡಿಯಾಗಿ ಕಾಣಿಸುತ್ತದೆ. ಚೈಲ್ಡಿನ ಸ್ಟೈಲ್ ಫೈಲಿನಲ್ಲಿ ಲೈನ್-ಹೈಟ್ ಏರಿಸಿ, ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ, ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಯೂನಿಕೋಡ್ ಅಕ್ಷರಶೈಲಿ ಕೊಡಿ. ಹತ್ತು ಸಾಲಿನ ಈ ಕೆಲಸ ಒಮ್ಮೆ ಬರೆದಿಟ್ಟರೆ ಮುಂದಿನ ಸೈಟಿಗೂ ಒಯ್ಯಬಹುದು. ಚೈಲ್ಡಿನಲ್ಲಿ ನೀವೇ ಸೇರಿಸಿದ ಮಾತುಗಳ ಕನ್ನಡ ಅನುವಾದವನ್ನು ‘ಲೋಡ್ ಚೈಲ್ಡ್ ಥೀಮ್ ಟೆಕ್ಸ್ಟ್‌ಡೊಮೈನ್’ ಮೂಲಕ ಚೈಲ್ಡಿನೊಳಗೇ ಇಡಿ. ನಮ್ಮ ಕಡೆಯ ಹಳ್ಳಿಯ ಹಿರಿಯರು ಮೊಬೈಲಿನಲ್ಲಿ ಓದುವುದು ಈ ಅಕ್ಷರಗಳನ್ನೇ. ಅವು ಒಂದಕ್ಕೊಂದು ತಾಗದೆ ನಿಲ್ಲುವಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.

ಹೊಸ ಬ್ಲಾಕ್ ಥೀಮುಗಳಲ್ಲಿ ಸರದಿಗೆ ಇನ್ನೊಂದು ಮೆಟ್ಟಿಲು ಸೇರಿದೆ. 2021ರ 5.8 ಆವೃತ್ತಿಯಲ್ಲಿ ಥೀಮ್.ಜೇಸನ್ ಬಂತು. ಮರುವರ್ಷದ 5.9ರಿಂದ ಚೈಲ್ಡಿನ ಥೀಮ್.ಜೇಸನ್ ಪೇರೆಂಟಿನದ್ದರ ಜೊತೆ ಬೆರೆಯುತ್ತದೆ. ಒಂದೇ ವಿಷಯಕ್ಕೆ ಎರಡರಲ್ಲೂ ಮೌಲ್ಯ ಕೊಟ್ಟಿದ್ದರೆ ಚೈಲ್ಡಿನದ್ದು ನಿಲ್ಲುತ್ತದೆ. ಆದರೆ ಸಂಸ್ಥೆಯವರು ಸೈಟ್ ಎಡಿಟರಿನಲ್ಲಿ ಕುಳಿತು ಒಂದು ಟೆಂಪ್ಲೇಟ್ ಬದಲಿಸಿ ಸೇವ್ ಮಾಡಿದರೆ ಅದು ಡೇಟಾಬೇಸಿಗೆ ಹೋಗುತ್ತದೆ, ಚೈಲ್ಡಿನ ಫೈಲನ್ನೂ ಮೀರಿ ಅದೇ ಕಾಣುತ್ತದೆ. ಫೈಲ್ ತಿದ್ದಿದರೂ ಪುಟ ಬದಲಾಗದಿದ್ದರೆ ಎಡಿಟರಿನಲ್ಲಿ ಆ ಟೆಂಪ್ಲೇಟಿಗೆ ಉಳಿಸಿದ ಬದಲಾವಣೆ ಇದೆಯೇ ನೋಡಿ. ಮರುಹೊಂದಿಸುವ ಮೊದಲು ಅದರಲ್ಲಿರುವುದನ್ನು ನಕಲು ಮಾಡಿಟ್ಟುಕೊಳ್ಳಿ.

ಚೈಲ್ಡ್ ಥೀಮಿಗೂ ಮಿತಿಗಳಿವೆ. ಅದು ಒಂದೇ ತಲೆಮಾರಿನದ್ದು, ಚೈಲ್ಡಿಗೆ ಇನ್ನೊಂದು ಚೈಲ್ಡ್ ಮಾಡಲು ವರ್ಡ್‌ಪ್ರೆಸ್ ಬಿಡುವುದಿಲ್ಲ. ಎರಡನೆಯದಾಗಿ, ನಕಲು ಮಾಡಿದ ಪ್ರತಿ ಫೈಲೂ ಪೇರೆಂಟಿನ ಮುಂದಿನ ತಿದ್ದುಪಡಿಗಳಿಂದ ಹೊರಗುಳಿಯುತ್ತದೆ. ನೀವು ನಕಲು ಮಾಡಿದ ಹೆಡರಿನಲ್ಲಿ ಭದ್ರತೆಯ ದೋಷವಿದ್ದು ಪೇರೆಂಟ್ ಅದನ್ನು ಸರಿಪಡಿಸಿದರೂ ನಿಮ್ಮ ಪ್ರತಿ ಹಳೆಯದಾಗಿಯೇ ಇರುತ್ತದೆ. ಆದ್ದರಿಂದ ನಕಲು ಕಡಿಮೆ ಇರಲಿ. ಸಿಎಸ್‌ಎಸ್‌ನಲ್ಲಿ ಆಗುವುದಕ್ಕೆ ಟೆಂಪ್ಲೇಟ್ ನಕಲು ಬೇಡ. ಹುಕ್‌ನಲ್ಲಿ ಆಗುವುದಕ್ಕೆ ಪೂರ್ತಿ ಫೈಲ್ ಬೇಡ. ವಿಳಾಸ, ದೂರವಾಣಿ, ಸೇವೆಯ ದರ ಇವು ಯಾವ ಥೀಮಿನ ಫೈಲಿನಲ್ಲೂ ಇರಬಾರದು. ಅವು ವಿಡ್ಜೆಟ್‌ನಲ್ಲಿ, ಪುಟದಲ್ಲಿ ಇರಲಿ, ಕಚೇರಿಯವರೇ ಬದಲಿಸಿಕೊಳ್ಳಲಿ. ವೂಕಾಮರ್ಸ್ ಅಂಗಡಿ ನಡೆಸುವವರು ಅದರ ಸ್ಟೇಟಸ್ ಪುಟ ನೋಡುತ್ತಿರಿ. ಥೀಮಿಗೆ ನಕಲು ಮಾಡಿದ ಯಾವ ಟೆಂಪ್ಲೇಟ್ ಹಳೆಯದಾಗಿದೆ ಎಂದು ಅಲ್ಲಿ ಹೆಸರು ಸಹಿತ ಬರುತ್ತದೆ.

ಈಗಾಗಲೇ ಪೇರೆಂಟಿನೊಳಗೇ ತಿದ್ದಿರುವ ಸೈಟು ನಿಮ್ಮ ಕೈಯಲ್ಲಿದ್ದರೆ ದಾರಿ ಹೀಗೆ. ಮೊದಲು ಫೈಲು ಮತ್ತು ಡೇಟಾಬೇಸ್ ಎರಡರದ್ದೂ ಬ್ಯಾಕಪ್. ಸೈಟಿನಲ್ಲಿರುವ ಥೀಮಿನ ಆವೃತ್ತಿ ಸಂಖ್ಯೆ ನೋಡಿ, ಅದೇ ಆವೃತ್ತಿಯ ಮೂಲ ಪ್ರತಿ ಇಳಿಸಿಕೊಳ್ಳಿ. ವರ್ಡ್‌ಪ್ರೆಸ್‌ನ ಉಚಿತ ಥೀಮುಗಳ ಹಳೆಯ ಆವೃತ್ತಿಗಳು ಅವರ ಭಂಡಾರದಲ್ಲೇ ಸಿಗುತ್ತವೆ. ವಿನ್‌ಮರ್ಜ್ ಅಥವಾ ಮೆಲ್ಡ್‌ನಲ್ಲಿ ಎರಡು ಫೋಲ್ಡರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಿದ್ದಿದ ಸಾಲುಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ. ಅವುಗಳಲ್ಲಿ ಇಂದಿಗೂ ಬೇಕಾದವನ್ನು ಮಾತ್ರ ಚೈಲ್ಡಿಗೆ ತನ್ನಿ. ಚೈಲ್ಡ್ ಸಕ್ರಿಯಗೊಳಿಸಿದಾಗ ಲೋಗೊ, ಬಣ್ಣದ ಆಯ್ಕೆ, ಕಸ್ಟಮೈಸರಿನಲ್ಲಿ ಬರೆದ ಹೆಚ್ಚುವರಿ ಸಿಎಸ್‌ಎಸ್ ಕಾಣದೆ ಹೋಗಬಹುದು. ಅವು ಅಳಿದಿರುವುದಿಲ್ಲ. ಆ ಆಯ್ಕೆಗಳನ್ನು ವರ್ಡ್‌ಪ್ರೆಸ್ ಪ್ರತಿ ಥೀಮಿನ ಹೆಸರಿನಲ್ಲಿ ಬೇರೆ ಬೇರೆ ಇಡುತ್ತದೆ, ಚೈಲ್ಡಿನಲ್ಲಿ ಮತ್ತೊಮ್ಮೆ ಹೊಂದಿಸಬೇಕು, ಅಷ್ಟೆ. ಇದೆಲ್ಲ ಮುಗಿದ ಮೇಲೆಯೇ ಪೇರೆಂಟ್ ಅಪ್‌ಡೇಟ್. ಸಾಧ್ಯವಾದರೆ ಮೊದಲು ಸ್ಟೇಜಿಂಗ್ ಪ್ರತಿಯಲ್ಲಿ ಮಾಡಿ ನೋಡಿ. ಮೇಳಗಳ ಸೈಟಿಗೆ ಇದಕ್ಕೆ ಒಳ್ಳೆಯ ಹೊತ್ತು ಮಳೆಗಾಲ. ಮೇ ಕೊನೆಗೆ ತಿರುಗಾಟ ಮುಗಿದು ನವೆಂಬರಿನಲ್ಲಿ ಮತ್ತೆ ಗೆಜ್ಜೆ ಕಟ್ಟುವವರೆಗೆ ‘ಇವತ್ತಿನ ಆಟ ಎಲ್ಲಿ’ ಎಂದು ಹುಡುಕಿ ಬರುವವರು ಕಡಿಮೆ. ದೇವಸ್ಥಾನದ ಸೈಟಿಗೆ ನವರಾತ್ರಿ, ರಥೋತ್ಸವದ ವಾರದಲ್ಲಿ ಈ ಕೆಲಸ ಹಿಡಿಯಬೇಡಿ.

ದುಡ್ಡಿನ ಥೀಮನ್ನು ಕದ್ದ ಪ್ರತಿಯಲ್ಲಿ ಹಾಕುವವರಿಗೂ ಒಂದು ಮಾತು ಹೇಳಲೇಬೇಕು. ‘ನಲ್ಡ್’ ಎಂದು ಪುಕ್ಕಟೆ ಸಿಗುವ ಥೀಮಿಗೆ ಅಧಿಕೃತ ಅಪ್‌ಡೇಟ್ ಬರುವುದಿಲ್ಲ, ಒಳಗೆ ಯಾರು ಏನು ಸೇರಿಸಿದ್ದಾರೆ ಎಂದು ತಿಳಿಯುವುದೂ ಇಲ್ಲ. ಅದರ ಮೇಲೆ ಎಷ್ಟು ಶುದ್ಧ ಚೈಲ್ಡ್ ಕಟ್ಟಿದರೂ ಪ್ರಯೋಜನವಿಲ್ಲ. ಬಜೆಟ್ ಇಲ್ಲದಿದ್ದರೆ ವರ್ಡ್‌ಪ್ರೆಸ್‌ನದ್ದೇ ಉಚಿತ ಥೀಮ್ ಸಾಕು. ದುಡ್ಡು ಕೊಟ್ಟು ಕೊಳ್ಳುವುದಾದರೆ ಲೈಸೆನ್ಸ್ ಸಂಸ್ಥೆಯ ಇಮೇಲ್ ಹೆಸರಿನಲ್ಲಿರಲಿ, ನಿಮ್ಮ ಹೆಸರಿನಲ್ಲಿ ಬೇಡ.

ಈ ತತ್ವ ವರ್ಡ್‌ಪ್ರೆಸ್‌ನದ್ದು ಮಾತ್ರವಲ್ಲ. ದ್ರುಪಲ್‌ನಲ್ಲಿ ಬೇಸ್ ಥೀಮ್ ಮತ್ತು ಸಬ್ ಥೀಮ್ ಇವೆ. ಕಾಲೇಜುಗಳು ಬಳಸುವ ಮೂಡಲ್‌ನಲ್ಲೂ ಒಂದು ಥೀಮ್ ಇನ್ನೊಂದನ್ನು ಪೇರೆಂಟ್ ಎಂದು ಹೇಳಬಹುದು. ಮಜೆಂಟೊದಲ್ಲಿ ಪೇರೆಂಟಿಗೂ ಪೇರೆಂಟ್ ಇರಬಹುದು. ಜೂಮ್ಲಾ 2022ರ 4.1 ಆವೃತ್ತಿಯಲ್ಲಿ ಚೈಲ್ಡ್ ಟೆಂಪ್ಲೇಟ್ ತಂದಿತು. ಒಂದರಲ್ಲಿ ಅಭ್ಯಾಸವಾದರೆ ಉಳಿದವೂ ಬೇಗ ಕೈಗೆ ಹತ್ತುತ್ತವೆ.

ನಾನು ಚೈಲ್ಡ್ ಥೀಮನ್ನು ಇಷ್ಟು ಒತ್ತಾಯಿಸಲು ದೊಡ್ಡ ಕಾರಣ ನಮ್ಮ ನಂತರ ಬರುವವರು. ನಮ್ಮ ಊರಿನ ಮಕ್ಕಳು ಓದಿ, ಎರಡು ವರ್ಷ ಇಲ್ಲಿ ಕೆಲಸ ಮಾಡಿ, ಹೊರಗೆ ಹೋಗುತ್ತಾರೆ. ಅದು ನಿಲ್ಲುವ ಮಾತಲ್ಲ. ಆದರೆ ದೇವಸ್ಥಾನ, ಸಂಘ, ಶಾಲೆ ಇಲ್ಲೇ ಇರುತ್ತವೆ, ಸೈಟೂ ಇಲ್ಲೇ ಇರುತ್ತದೆ. ಚೈಲ್ಡ್ ಫೋಲ್ಡರ್ ಎಂದರೆ ಆ ಸೈಟಿನ ಲೆಕ್ಕಪುಸ್ತಕ: ಮೂಲ ಥೀಮಿನ ಮೇಲೆ ನಾವು ಏನೇನು ಮಾಡಿದ್ದೇವೋ ಅದಷ್ಟೇ ಅದರಲ್ಲಿರುತ್ತದೆ, ಬೇರೇನೂ ಇರುವುದಿಲ್ಲ. ಮುಂದೆ ಬರುವ ಹುಡುಗಿ ಅದನ್ನು ತೆರೆದು ಅರ್ಧ ಗಂಟೆಯಲ್ಲಿ ಎಲ್ಲ ತಿಳಿದುಕೊಳ್ಳಬಹುದು. ಪೇರೆಂಟಿನೊಳಗೆ ಅಲ್ಲಲ್ಲಿ ತಿದ್ದಿಟ್ಟರೆ ಅವಳಿಗೆ ಒಂದು ವಾರವೂ ಸಾಲದು. ಕೊನೆಗೆ ‘ಹೊಸದಾಗಿ ಮಾಡುವುದೇ ಸುಲಭ’ ಎನ್ನುತ್ತಾಳೆ, ಸಂಸ್ಥೆ ಮತ್ತೊಮ್ಮೆ ದುಡ್ಡು ಕೊಡುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇದು. ಹೊಸ ಸೈಟು ಹಿಡಿದ ದಿನವೇ ಖಾಲಿ ಚೈಲ್ಡ್ ಥೀಮ್ ಮಾಡಿ ಸಕ್ರಿಯಗೊಳಿಸಿ, ಏನೂ ಬದಲಿಸುವುದಿಲ್ಲ ಎಂದುಕೊಂಡಿದ್ದರೂ ಸರಿ. ಡ್ಯಾಶ್‌ಬೋರ್ಡಿನ ಥೀಮ್ ಫೈಲ್ ಎಡಿಟರನ್ನು ಮುಚ್ಚಿಬಿಡಿ, ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ನಕಲು ಮಾಡಿದ ಪ್ರತಿ ಫೈಲಿನ ತಲೆಯಲ್ಲಿ ‘ಯಾವ ಆವೃತ್ತಿಯಿಂದ ತಂದದ್ದು, ಏಕೆ ತಂದದ್ದು, ಯಾವ ಸಾಲು ಬದಲಿಸಿದ್ದು’ ಎಂದು ಕನ್ನಡದಲ್ಲೇ ಬರೆಯಿರಿ. ಕೆಲಸ ಬಿಡುವಾಗ ಚೈಲ್ಡ್ ಫೋಲ್ಡರಿನ ಜಿಪ್ ಮತ್ತು ಪಾಸ್‌ವರ್ಡುಗಳನ್ನು ಸಂಸ್ಥೆಗೆ ಒಪ್ಪಿಸಿ. ನಿಮ್ಮ ಕೈಯಲ್ಲಿರುವ ಹಳೆಯ ಸೈಟುಗಳಲ್ಲಿ ಒಂದನ್ನು ಈ ತಿಂಗಳೇ ಆರಿಸಿ, ಮೇಲೆ ಹೇಳಿದ ಹಾಗೆ ಸರಿಪಡಿಸಿ, ಇನ್ನೊಬ್ಬರಿಗೂ ಮಾಡಿ ತೋರಿಸಿ.

ಇತಿ ನಿಮ್ಮವನು,
ನಿಮ್ಮಂತೆಯೇ ವೆಬ್‌ಸೈಟ್ ಕೆಲಸ ಮಾಡುವವ,
ಕುಂದಾಪುರ